ಕುಷ್ಠರೋಗದ ಕಾರ್ಡಿನಲ್ಲಿ ಕಿಡ್ನಿಗೆ ಕಾಲಂ ಇಲ್ಲ

ಗಾಜಿನ ನಳಿಕೆಯಲ್ಲಿ ಮುಕ್ಕಾಲು ಭಾಗ ಮೂತ್ರ ತುಂಬಿಸಿ, ಲ್ಯಾಬ್ ಟೆಕ್ನಿಷಿಯನ್ ಅದರ ಮೇಲ್ಭಾಗವನ್ನು ಮಾತ್ರ ಸ್ಪಿರಿಟ್ ದೀಪದ ಜ್ವಾಲೆಗೆ ಹಿಡಿದರು. ಕೆಳಗಿನ ಭಾಗ ತಿಳಿಯಾಗಿಯೇ ಇತ್ತು. ಮೇಲಿನದು ನೋಡನೋಡುತ್ತಿದ್ದಂತೆ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಎರಡು ಮೂರು ಹನಿ ಅಸಿಟಿಕ್ ಆಮ್ಲ ಬಿಟ್ಟರು. ಅದು ಬರೀ ಫಾಸ್ಫೇಟ್ ಆಗಿದ್ದರೆ ಆಮ್ಲ ಬಿದ್ದ ಕೂಡಲೇ ಕರಗಿ ತಿಳಿಯಾಗುತ್ತದೆ. ಇದು ಕರಗಲಿಲ್ಲ, ಮೊಸರಿನಂತೆ ಇನ್ನಷ್ಟು ಗಟ್ಟಿಯಾಯಿತು. ಪ್ರೊಟೀನ್ ಹೋಗುತ್ತಿದೆ, ಅದೂ ಸ್ವಲ್ಪವಲ್ಲ.

ಆ ಮೂತ್ರ ಕೊಟ್ಟವರು ಅರವತ್ತರ ಆಸುಪಾಸಿನ ಒಬ್ಬ ರೈತ. ಬಲಗೈಯ ಕಿರುಬೆರಳು, ಉಂಗುರ ಬೆರಳು ಒಳಕ್ಕೆ ಬಾಗಿದ್ದವು. ಎಡಗಾಲ ಹೆಬ್ಬೆರಳ ಬುಡದಲ್ಲಿ ಹಳೇ ಬಟ್ಟೆ ಸುತ್ತಿದ ಹುಣ್ಣು. ಬೆಳಗ್ಗೆ ಎದ್ದರೆ ಮುಖ ಊದಿರುತ್ತದೆ, ಸಂಜೆಯ ಹೊತ್ತಿಗೆ ಕಾಲು ಬಾತಿರುತ್ತದೆ ಎಂದು ತಿಂಗಳುಗಟ್ಟಲೆ ಅಲ್ಲಿ ಇಲ್ಲಿ ತೋರಿಸಿದ್ದರು. ನೀರಿಳಿಯುವ ಮಾತ್ರೆ ಕೊಟ್ಟವರಿದ್ದರು, ಉಪ್ಪು ಬಿಡಿ ಎಂದವರಿದ್ದರು. ಮೂತ್ರ ಪರೀಕ್ಷೆ ಮಾಡಿಸಿ ಎಂದವರು ಇರಲಿಲ್ಲ. ಹಿಂದೆ ಯಾವ ಕಾಯಿಲೆ ಇತ್ತು ಎಂದು ಕೇಳಿದಾಗ ಅವರು ಸ್ವಲ್ಪ ಹಿಂಜರಿದು ಹೇಳಿದರು: "ಕುಷ್ಠ ಇತ್ತು ಸಾರ್. ಅದು ಹೋಗಿ ಇಪ್ಪತ್ತು ವರ್ಷ ಆಯ್ತು. ವಾಸಿ ಆಯ್ತು ಅಂತ ಕಾರ್ಡಲ್ಲಿ ಬರೆದು ಕೊಟ್ಟವ್ರೆ. ಅದುಕ್ಕೂ ಇದುಕ್ಕೂ ಏನು ಸಂಬಂಧ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದವನಿಗೆ ತಿಳಿದುಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಬಂಧ ಇದೆ. ವೈದ್ಯಲೋಕಕ್ಕೆ ಅದು ಬಹಳ ಕಾಲದಿಂದ ಗೊತ್ತಿದೆ. ನಮ್ಮ ಕುಷ್ಠರೋಗ ಕಾರ್ಯಕ್ರಮದ ಲೆಕ್ಕದಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ಕುಷ್ಠರೋಗದಿಂದ ಆದ ಹಾನಿಯನ್ನು ಅಳೆಯುವ ಪದ್ಧತಿಯನ್ನೇ ನೋಡಿ. ಎರಡು ಕಣ್ಣು, ಎರಡು ಕೈ, ಎರಡು ಕಾಲು, ಒಟ್ಟು ಆರು ಅಂಗಗಳು. ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಸ್ಪರ್ಶ ಮಾತ್ರ ಹೋಗಿದ್ದರೆ ಒಂದು, ಬೆರಳು ಬಾಗಿದ್ದರೆ, ಹುಣ್ಣಾಗಿದ್ದರೆ, ದೃಷ್ಟಿ ಕೆಟ್ಟಿದ್ದರೆ ಎರಡು. ವಿಶ್ವ ಆರೋಗ್ಯ ಸಂಸ್ಥೆಯ ಈ ಅಳತೆಗೋಲು ಸರಳ, ಹಳ್ಳಿಯ ಆರೋಗ್ಯ ಕಾರ್ಯಕರ್ತೆಯೂ ಬಳಸಬಹುದಾದದ್ದು, ಅದರಿಂದ ಎಷ್ಟೋ ಜನರ ಕೈಕಾಲು ಉಳಿದಿವೆ. ಆದರೆ ಕಣ್ಣಿಗೆ ಕಾಣುವುದನ್ನಷ್ಟೇ ಅದು ಎಣಿಸುತ್ತದೆ. ಬೆನ್ನ ಹಿಂದೆ ಪಕ್ಕೆಲುಬಿನ ಮರೆಯಲ್ಲಿರುವ ಎರಡು ಮೂತ್ರಪಿಂಡಗಳು ಹಾಳಾಗುತ್ತಿದ್ದರೂ ಆರೂ ಅಂಗಗಳಿಗೆ ಸೊನ್ನೆ ಬಿದ್ದು, ಆ ವ್ಯಕ್ತಿ 'ಯಾವ ಅಂಗವೈಕಲ್ಯವೂ ಇಲ್ಲ' ಎಂಬ ಸಾಲಿಗೆ ಸೇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕುಷ್ಠದಿಂದ ಗುಣಮುಖರಾದವರನ್ನು ಹೆಸರಿಸಿ ಸೇರಿಸಿಕೊಂಡಿದೆ, ಅದು ದೊಡ್ಡ ಹೆಜ್ಜೆ. ಅಲ್ಲೂ ವಿವರಣೆ ಕೈ, ಕಾಲು, ಕಣ್ಣು ಮತ್ತು ವಿರೂಪದ ಸುತ್ತಲೇ ಇದೆ. ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಕಿಡ್ನಿ ವೈಫಲ್ಯವೇ ಇಲ್ಲ.

ಈಗ ರೈತರ ಪ್ರಶ್ನೆಗೆ ಬರೋಣ. ಕುಷ್ಠದ ರೋಗಾಣುವನ್ನು 1873ರಲ್ಲಿ ನಾರ್ವೆಯ ಬರ್ಗೆನ್ ನಗರದಲ್ಲಿ ಗೆರ್ಹಾರ್ಡ್ ಆರ್ಮಾವರ್ ಹ್ಯಾನ್ಸನ್ ಗುರುತಿಸಿದರು. ಇದು ತಂಪು ಜಾಗವನ್ನು ಇಷ್ಟಪಡುವ, ತೀರಾ ನಿಧಾನವಾಗಿ ಬೆಳೆಯುವ ಜೀವಿ. ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಚರ್ಮ, ಕೈಕಾಲಿನ ನರ, ಮೂಗು, ಕಣ್ಣು ಅದರ ಬೀಡು. ಬಿಸಿಯಾಗಿರುವ ಒಳಅಂಗಗಳಲ್ಲಿ ಅದು ಅಷ್ಟಾಗಿ ನೆಲೆಯೂರುವುದಿಲ್ಲ. ಮೂತ್ರಪಿಂಡದ ಬಯಾಪ್ಸಿಯಲ್ಲಿ ರೋಗಾಣುವೇ ಸಿಕ್ಕಿದ ಉದಾಹರಣೆಗಳು ಅಪರೂಪ. ಹಾಗಾದರೆ ಕಿಡ್ನಿ ಕೆಡುವುದು ಹೇಗೆ? ಹೆಚ್ಚಿನ ಸಂದರ್ಭಗಳಲ್ಲಿ ರೋಗಾಣುವಿನ ನೇರ ದಾಳಿಯಿಂದಲ್ಲ, ಅದರ ವಿರುದ್ಧ ನಮ್ಮ ದೇಹ ನಡೆಸುವ ಹೋರಾಟದಿಂದ.

ಕುಷ್ಠದಲ್ಲಿ 'ರಿಯಾಕ್ಷನ್' ಎಂದು ಕರೆಯುವ ಒಂದು ಘಟ್ಟವಿದೆ. ಎರಡನೇ ಬಗೆಯ ರಿಯಾಕ್ಷನ್ ಬರುವುದು ದೇಹದಲ್ಲಿ ರೋಗಾಣುಗಳ ಹೊರೆ ತುಂಬಾ ಇರುವವರಿಗೆ. ಲೆಪ್ರೊಮೇಟಸ್ ಎಂಬ ಬಗೆಯ ಕುಷ್ಠವಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಸಲ ಇದು ಬರುತ್ತದೆ. ಚಿಕಿತ್ಸೆಗೆ ಮುಂಚೆ, ಚಿಕಿತ್ಸೆ ನಡೆಯುವಾಗ ಅಥವಾ ಎಲ್ಲ ಮಾತ್ರೆ ನುಂಗಿ ಮುಗಿಸಿದ ವರ್ಷಗಳ ನಂತರವೂ ಬರಬಹುದು. ಸತ್ತ ರೋಗಾಣುಗಳ ಚೂರುಗಳು ಮೈಯಲ್ಲಿ ಉಳಿದಿರುತ್ತವೆ, ಪ್ರತಿಕಾಯಗಳು ಅವುಗಳಿಗೆ ಅಂಟಿಕೊಂಡು ಸಣ್ಣ ಸಣ್ಣ ಗಂಟಿನಂತಾಗಿ ರಕ್ತದಲ್ಲಿ ತೇಲುತ್ತವೆ. ಚರ್ಮದಲ್ಲಿ ಕೂತರೆ ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಏಳುತ್ತವೆ. ಜೊತೆಗೆ ಜ್ವರ, ಕೀಲುನೋವು, ನರದ ಉರಿ, ಕಣ್ಣು ಕೆಂಪಾಗುವುದು, ವೃಷಣದ ಬಾವು. ಅದೇ ಗಂಟುಗಳು ಮೂತ್ರಪಿಂಡದ ಸೋಸುಗಗಳಲ್ಲಿ ಸಿಕ್ಕಿಹಾಕಿಕೊಂಡರೆ ಅಲ್ಲೂ ಉರಿಯೂತ ಶುರುವಾಗುತ್ತದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೋಸುಗಗಳಿವೆ, ಅಡುಗೆಮನೆಯ ಜರಡಿಗಿಂತ ಎಷ್ಟೋ ಪಟ್ಟು ನವುರಾದ ಜರಡಿಗಳು. ಅವು ಸೀಳಿದಾಗ ರಕ್ತಕಣ, ಪ್ರೊಟೀನ್ ಮೂತ್ರದಲ್ಲಿ ಸೋರುತ್ತವೆ. ಕಣ್ಣಿಗೆ ಕಾಣುವಷ್ಟು ಕೆಂಪಾಗಬೇಕೆಂದಿಲ್ಲ, ಸೂಕ್ಷ್ಮದರ್ಶಕದ ಅಡಿಯಲ್ಲಷ್ಟೇ ತಿಳಿಯುವ ಸೋರಿಕೆಯೇ ಹೆಚ್ಚು.

ಬಹಳ ಜನರಲ್ಲಿ ರಿಯಾಕ್ಷನ್ ಇಳಿದಂತೆ ಸೋರಿಕೆಯೂ ನಿಲ್ಲುತ್ತದೆ. ಅಪಾಯ ಇರುವುದು ಮತ್ತೆ ಮತ್ತೆ ರಿಯಾಕ್ಷನ್ ಬರುವವರಿಗೆ. ಪ್ರತಿ ಸಲವೂ ಒಂದಿಷ್ಟು ಸೋಸುಗಗಳು ಗಾಯಗೊಂಡು ಕಲೆಯಾಗಿ ಸತ್ತರೆ, ಉಳಿದವು ಅವುಗಳ ಕೆಲಸವನ್ನೂ ಹೊತ್ತುಕೊಂಡು ಸವೆಯುತ್ತವೆ. ಹೊರಗೆ ಏನೂ ಗೊತ್ತಾಗುವುದಿಲ್ಲ. ಗಂಟು ಇಳಿಯಿತು, ಜ್ವರ ಬಿಟ್ಟಿತು, ಮನೆಗೆ ಹೋದರು. ಅಷ್ಟೇ.

ಎರಡನೆಯ ದಾರಿ ಇನ್ನೂ ನಿಧಾನದ್ದು. ನನ್ನ ಅಭಿಪ್ರಾಯದಲ್ಲಿ ನಾವು ಹೆಚ್ಚು ಚಿಂತಿಸಬೇಕಾದದ್ದು ಇದರ ಬಗ್ಗೆಯೇ. ದೇಹದಲ್ಲಿ ಎಲ್ಲಾದರೂ ಕೀವು, ಹುಣ್ಣು, ಉರಿಯೂತ ಇದ್ದರೆ ಯಕೃತ್ತು ಒಂದು ವಿಶೇಷ ಪ್ರೊಟೀನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಸೀರಮ್ ಅಮೈಲಾಯ್ಡ್ ಎ ಎಂದು ಅದರ ಹೆಸರು. ನಾಲ್ಕು ದಿನದ ಜ್ವರಕ್ಕೆ ಅದು ಏರಿ ಇಳಿದರೆ ತೊಂದರೆಯಿಲ್ಲ. ಆದರೆ ಅಂಗಾಲಿನ ಹುಣ್ಣು ಹತ್ತು ಹದಿನೈದು ವರ್ಷ ಮುಚ್ಚದೆ, ಸೋಂಕು ಮೂಳೆಗೂ ಇಳಿದು ಕೂತರೆ ಆ ಪ್ರೊಟೀನ್ ಇಳಿಯುವುದೇ ಇಲ್ಲ. ಮಿಕ್ಕಿದ್ದು ನಾರುನಾರಾಗಿ ಹೆಣೆದುಕೊಂಡು ಮೂತ್ರಪಿಂಡ, ಗುಲ್ಮ, ಯಕೃತ್ತುಗಳಲ್ಲಿ ಮೇಣದಂತೆ ಮೆತ್ತಿಕೊಳ್ಳುತ್ತದೆ. ಹೀಗೆ ಮೆತ್ತಿಕೊಂಡದ್ದೇ ಅಮೈಲಾಯ್ಡ್. ಬಯಾಪ್ಸಿಯ ತುಣುಕಿಗೆ ಕಾಂಗೋ ರೆಡ್ ಬಣ್ಣ ಹಾಕಿ ಧ್ರುವೀಕರಿಸಿದ ಬೆಳಕಲ್ಲಿ ನೋಡಿದರೆ ಹಸಿರು ಸೇಬಿನ ಬಣ್ಣದಲ್ಲಿ ಹೊಳೆಯುವುದು ಇದೇ. ಒಮ್ಮೆ ಕಿಡ್ನಿಯ ಜರಡಿಗೆ ಇದು ಮೆತ್ತಿದರೆ ಪ್ರೊಟೀನ್ ಧಾರಾಳವಾಗಿ ಸೋರತೊಡಗುತ್ತದೆ, ಮುಖ, ಕಾಲು ಬಾಯುತ್ತವೆ, ಕೊನೆಗೆ ಕಿಡ್ನಿ ಕೈಕೊಡುತ್ತದೆ. ಪದೇ ಪದೇ ಬರುವ ರಿಯಾಕ್ಷನ್‌ಗಳಲ್ಲೂ ಈ ಪ್ರೊಟೀನ್ ಜಿಗಿಯುತ್ತದೆ ಎಂಬುದನ್ನು 1970ರ ದಶಕದಲ್ಲೇ ಪಪುವಾ ನ್ಯೂಗಿನಿಯ ರೋಗಿಗಳಲ್ಲಿ ತೋರಿಸಲಾಗಿದೆ.

ಅಂದರೆ ಆ ರೈತರ ಕಾಲಿನ ಹುಣ್ಣಿಗೂ ಮುಖದ ಊತಕ್ಕೂ ನಡುವೆ ನೇರವಾದ ದಾರಿ ಇರಬಹುದು. ಕುಷ್ಠ ಹೋಗಿತ್ತು, ಕಾರ್ಡಿನಲ್ಲಿ ಬರೆದದ್ದು ನಿಜ. ಕುಷ್ಠ ಕೊಂದುಹಾಕಿದ ನರ ಮಾತ್ರ ವಾಪಸ್ ಬಂದಿರಲಿಲ್ಲ. ನರ ಸತ್ತ ಕಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗದು, ಗೊತ್ತಾಗದ ಗಾಯದ ಮೇಲೇ ನಡೆದರೆ ಹುಣ್ಣು, ಹುಣ್ಣಿನ ಮೇಲೇ ಇಪ್ಪತ್ತು ವರ್ಷ ಉಳುಮೆ.

ಇದು ಹೊಸ ಸಂಶೋಧನೆಯಲ್ಲ ಎಂದೆ. ಜಪಾನಿನ ಕುಷ್ಠವೈದ್ಯ ಕೆನ್ಸುಕೆ ಮಿತ್ಸುದಾ ಮತ್ತು ಅವರ ಸಹೋದ್ಯೋಗಿ 150 ಶವಪರೀಕ್ಷೆಗಳ ಅಧ್ಯಯನವನ್ನು 1937ರಲ್ಲಿ ಪ್ರಕಟಿಸಿದಾಗಲೇ ಮೂತ್ರಪಿಂಡದ ಕಾಯಿಲೆ ಎದ್ದು ಕಂಡಿತ್ತು. ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠಾಸ್ಪತ್ರೆಯಲ್ಲಿ ಸತತ 50 ಶವಪರೀಕ್ಷೆಗಳ ವರದಿ 1955ರಲ್ಲಿ ಬಂತು. ಅಲ್ಲಿ ಅಮೈಲಾಯ್ಡ್ ದೊಡ್ಡ ಸಮಸ್ಯೆಯಾಗಿತ್ತು. ಕಾರ್ವಿಲ್ ಎಂದರೆ 1941ರಲ್ಲಿ ಸಲ್ಫೋನ್ ಔಷಧಿಯನ್ನು ಮೊದಲು ಕುಷ್ಠಕ್ಕೆ ಬಳಸಿದ ಜಾಗ. ಔಷಧಿ ಬಂದ ಮೇಲೆ ರೋಗಿಗಳು ಹೆಚ್ಚು ವರ್ಷ ಬದುಕಿದರು, ಹುಣ್ಣುಗಳ ಜೊತೆಯಲ್ಲೇ ಬದುಕಿದರು, ಅಮೈಲಾಯ್ಡ್ ಮೆತ್ತಿಕೊಳ್ಳಲು ಬೇಕಾದಷ್ಟು ಕಾಲವೂ ಸಿಕ್ಕಿತು. ದೇಶದಿಂದ ದೇಶಕ್ಕೆ ಇದರ ಪ್ರಮಾಣದಲ್ಲಿ ಅಜಗಜಾಂತರವಿದೆ. ಭಾರತದ ವರದಿಗಳಲ್ಲಿ ಅದು ಅಮೆರಿಕದ್ದಕ್ಕಿಂತ ಕಡಿಮೆ. ನಮ್ಮಲ್ಲಿ ಈ ಬಗೆಯ ಅಮೈಲಾಯ್ಡ್‌ಗೆ ಮುಖ್ಯ ಕಾರಣ ಕ್ಷಯ. ಇತ್ತೀಚಿನ ವರ್ಷಗಳಲ್ಲಿ ಈ ವಿಷಯವನ್ನು ಬಿಡದೆ ಹಿಡಿದಿರುವವರು ಬ್ರೆಜಿಲ್‌ನ ಫೋರ್ಟಲೆಜಾ ನಗರದ ಸಂಶೋಧಕರು. ಕಿಡ್ನಿಯ ಕೆಲಸವನ್ನು ಅಳೆಯಲು ನೋಡುವ ರಕ್ತದ ಕ್ರಿಯಾಟಿನಿನ್ ಸರಿಯಾಗಿಯೇ ಇರುವ ರೋಗಿಗಳಲ್ಲೂ ಮೂತ್ರವನ್ನು ಗಟ್ಟಿಗೊಳಿಸುವ, ಆಮ್ಲವನ್ನು ಹೊರಹಾಕುವ ಶಕ್ತಿ ಕುಗ್ಗಿರುವುದನ್ನು ಅವರು ಕಂಡುಕೊಂಡಿದ್ದಾರೆ.

ಔಷಧಿಗಳ ಮಾತೂ ಬರಬೇಕು, ಎಚ್ಚರಿಕೆಯಿಂದ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೊಫಜಿಮಿನ್ ಮೂರನ್ನೂ ಸೇರಿಸಿದ ಬಹುಔಷಧಿ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡ 1981ರಲ್ಲಿ ಶಿಫಾರಸು ಮಾಡಿತು. ಕುಷ್ಠವನ್ನು ಗುಣಪಡಿಸಿದ್ದು, ಲಕ್ಷಾಂತರ ಮಂದಿಯನ್ನು ವಿರೂಪದಿಂದ ಕಾಪಾಡಿದ್ದು ಇದೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬ್ಲಿಸ್ಟರ್ ಪ್ಯಾಕ್ ಉಚಿತ. ಯಾರೂ ಕಿಡ್ನಿಯ ಹೆದರಿಕೆಯಿಂದ ಇದನ್ನು ಬಿಡಬಾರದು. ಹಾಗಿದ್ದೂ ಗಮನದಲ್ಲಿರಬೇಕಾದ ಸಂಗತಿಗಳಿವೆ. ರಿಫಾಂಪಿಸಿನ್ ಅನ್ನು ತಿಂಗಳಿಗೊಮ್ಮೆ ಕೊಡುತ್ತಾರೆ. ದಿನಾ ಕೊಡುವಾಗ ಆಗುವುದಕ್ಕಿಂತ ಹೆಚ್ಚಾಗಿ, ಹೀಗೆ ಬಿಟ್ಟು ಬಿಟ್ಟು ಕೊಡುವಾಗ, ಅಪರೂಪಕ್ಕೆ ಕೆಲವರಲ್ಲಿ ದೇಹ ಅದರ ವಿರುದ್ಧ ತಿರುಗಿಬಿದ್ದು ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಚಳಿಜ್ವರ, ಸೊಂಟನೋವು, ವಾಂತಿ, ಮೂತ್ರ ಕಡಿಮೆಯಾಗುವುದು ಕಾಣಿಸಬಹುದು. ಇದು ಕಿಡ್ನಿಗೆ ಬಿದ್ದ ದಿಢೀರ್ ಪೆಟ್ಟು, ತಕ್ಷಣ ಆಸ್ಪತ್ರೆಗೆ ಹೋದರೆ ಬಹುತೇಕ ಚೇತರಿಸಿಕೊಳ್ಳುತ್ತಾರೆ, ಮುಂದೆ ಆ ಔಷಧಿ ಕೊಡುವುದಿಲ್ಲ. ಆದರೆ ಅದೇ ಮಾತ್ರೆ ನುಂಗಿದ ದಿನ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುವುದು ಎಲ್ಲರಲ್ಲೂ ಆಗುವಂಥದ್ದು. ಅದು ರಕ್ತವಲ್ಲ, ಔಷಧಿಯ ಬಣ್ಣ. ಈ ಒಂದು ಮಾತನ್ನು ಮೊದಲೇ ಹೇಳದ ಕಾರಣಕ್ಕೆ ಮಾತ್ರೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಡ್ಯಾಪ್ಸೋನ್ ಕೆಲವರಲ್ಲಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಜಿ6ಪಿಡಿ ಕಿಣ್ವ ಕಡಿಮೆ ಇರುವವರಲ್ಲಿ ಇದು ಜೋರು, ಒಡೆದ ಕಣಗಳ ಹೊರೆ ಕಿಡ್ನಿಯ ಮೇಲೂ ಬೀಳುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಚೀಟಿಯಿಲ್ಲದೆ ಸಿಗುವ ನೋವಿನ ಮಾತ್ರೆ. ನರದ ನೋವು ಎಂಥದ್ದು ಎಂಬುದು ಅನುಭವಿಸಿದವರಿಗೇ ಗೊತ್ತು, ರಾತ್ರಿಯಿಡೀ ಮಂಡಿಯಿಂದ ಪಾದದವರೆಗೆ ಬೆಂಕಿ ಹರಿದಂತೆ. ರಿಯಾಕ್ಷನ್ ಎಂದು ಗೊತ್ತಿಲ್ಲದೆ, ಗೊತ್ತಿದ್ದರೂ ಆಸ್ಪತ್ರೆ ದೂರವೆಂದು, ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ತಂದು ದಿನಕ್ಕೆರಡರಂತೆ ತಿಂಗಳುಗಟ್ಟಲೆ ನುಂಗುತ್ತಾರೆ. ಮೊದಲೇ ಉರಿಯೂತದಲ್ಲಿರುವ ಕಿಡ್ನಿಗೆ ರಕ್ತದ ಹರಿವು ಇದರಿಂದ ಇನ್ನಷ್ಟು ಕಡಿಮೆಯಾಗುತ್ತದೆ. ರಿಯಾಕ್ಷನ್‌ಗೆ ಸರಿಯಾದ ಚಿಕಿತ್ಸೆ ಬೇರೆ ಇದೆ. ಪ್ರೆಡ್ನಿಸೋಲೋನ್ ಇದೆ, ಹೆಚ್ಚಿನ ಪ್ರಮಾಣದ ಕ್ಲೊಫಜಿಮಿನ್ ಇದೆ, ಆಯ್ದ ರೋಗಿಗಳಿಗೆ ಥಾಲಿಡೊಮೈಡ್ ಇದೆ. ಗರ್ಭಿಣಿಯರಿಗೆ, ಗರ್ಭ ಧರಿಸಬಹುದಾದವರಿಗೆ ಥಾಲಿಡೊಮೈಡ್ ಎಷ್ಟು ಘೋರ ಎಂಬುದು ಜಗತ್ತಿಗೇ ಗೊತ್ತಿರುವುದರಿಂದ ಅದು ತಜ್ಞರ ಕೈಯಲ್ಲಷ್ಟೇ ಇರಬೇಕು. ಪ್ರೆಡ್ನಿಸೋಲೋನ್ ಕೂಡ ವರ್ಷಗಟ್ಟಲೆ ಹಿಡಿದರೆ ಸಕ್ಕರೆ, ಬಿಪಿ ಏರಿಸುತ್ತದೆ, ಅವೆರಡೂ ಕಿಡ್ನಿಯ ಹಳೇ ವೈರಿಗಳು. ಈ ಕಾರಣಕ್ಕೇ ಕುಷ್ಠ ಇದ್ದವರ ಕಿಡ್ನಿ ಕೆಟ್ಟಿದೆ ಎಂದ ಮಾತ್ರಕ್ಕೆ ಕುಷ್ಠವೇ ಕಾರಣ ಎನ್ನಲೂ ಆಗದು. ಅರವತ್ತು ದಾಟಿದವರಲ್ಲಿ ಮಧುಮೇಹ, ರಕ್ತದೊತ್ತಡಗಳೇ ಕಾರಣವಾಗಿರಬಹುದು. ಹುಡುಕಿ ನೋಡಿದರೆ ತಾನೇ ತಿಳಿಯುವುದು.

ಹುಡುಕುವಾಗ ಒಂದು ಬಲೆ ಇದೆ. ಕಿಡ್ನಿ ಹೇಗಿದೆ ಎಂದು ತಿಳಿಯಲು ಎಲ್ಲ ಕಡೆ ಬರೆಯುವುದು ರಕ್ತದ ಕ್ರಿಯಾಟಿನಿನ್ ಪರೀಕ್ಷೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ನರ ಸತ್ತು ಕೈಕಾಲಿನ ಮಾಂಸಖಂಡ ಸೊರಗಿದವರಲ್ಲಿ, ಸರಿಯಾಗಿ ಉಣ್ಣದೆ ಬಡವಾದವರಲ್ಲಿ ಅದು ಹುಟ್ಟುವುದೇ ಕಡಿಮೆ. ಹಾಗಾಗಿ ಕಿಡ್ನಿ ಅರ್ಧ ಸೋತಿದ್ದರೂ ವರದಿಯಲ್ಲಿ ಅಂಕಿ 'ನಾರ್ಮಲ್' ಎಂದೇ ಬರಬಹುದು. ಅದನ್ನು ನೋಡಿ ಏನೂ ಇಲ್ಲ ಎಂದು ಕಳಿಸಿಬಿಡುತ್ತಾರೆ. ಈ ಜನರಲ್ಲಿ ಮೂತ್ರ ಪರೀಕ್ಷೆಗೆ ಹೆಚ್ಚು ಬೆಲೆ ಬರುವುದು ಇದಕ್ಕೇ. ಸೋರಿಕೆ ಮೊದಲು ಕಾಣುವುದು ಮೂತ್ರದಲ್ಲಿ, ರಕ್ತದ ಅಂಕಿ ಏರುವುದು ಆಮೇಲೆ. ಸ್ಪಿರಿಟ್ ದೀಪವೂ ಬೇಕಾಗಿಲ್ಲ, ಕಾಗದದ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ಡಬ್ಬಿಯ ಮೇಲಿನ ಬಣ್ಣದ ಚೌಕಗಳಿಗೆ ಹೋಲಿಸಿದರೆ ಆಯಿತು. ಹಳದಿ ಹಸಿರಾಯಿತೆಂದರೆ ಪ್ರೊಟೀನ್ ಇದೆ. ಬಸುರಿಯರಿಗೆ ಪ್ರತಿ ತಪಾಸಣೆಯಲ್ಲೂ ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಮಾಡುವುದು ಇದನ್ನೇ. ಅದೇ ಪಟ್ಟಿ, ಅದೇ ಸಿಬ್ಬಂದಿ. ಕುಷ್ಠದವರಿಗೆ ಏಕಿಲ್ಲ?

ಏಕಿಲ್ಲ ಎಂಬುದಕ್ಕೆ ನನಗೆ ತೋಚುವ ಉತ್ತರ ಕಾರ್ಯಕ್ರಮದ ರಚನೆಯಲ್ಲೇ ಇದೆ. ಭಾರತ 2005ರ ಡಿಸೆಂಬರ್‌ನಲ್ಲಿ ಹತ್ತು ಸಾವಿರ ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಗುರಿ ಮುಟ್ಟಿತು. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಕುಷ್ಠ ನಿವಾರಣೆಯಾಯಿತು ಎಂದು ಸಾರಲಾಯಿತು. ಕುಷ್ಠಕ್ಕೆಂದೇ ಇದ್ದ ಪ್ರತ್ಯೇಕ ವ್ಯವಸ್ಥೆ ಸಾಮಾನ್ಯ ಆರೋಗ್ಯ ಸೇವೆಯಲ್ಲಿ ಕರಗಿತು, ಅನುಭವಿ ಸಿಬ್ಬಂದಿ ಒಬ್ಬೊಬ್ಬರಾಗಿ ನಿವೃತ್ತರಾದರು. ಹಾಗೆಂದು ರೋಗ ಮಾಯವಾಗಲಿಲ್ಲ. ಇಂದಿಗೂ ವರ್ಷಕ್ಕೆ ಲಕ್ಷಕ್ಕೂ ಮೀರಿ ಹೊಸ ರೋಗಿಗಳು ಭಾರತದಲ್ಲಿ ಪತ್ತೆಯಾಗುತ್ತಾರೆ, ಜಗತ್ತಿನ ಒಟ್ಟು ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು. 2027ರೊಳಗೆ ಹರಡುವಿಕೆಯನ್ನೇ ನಿಲ್ಲಿಸುವುದು ಈಗಿನ ರಾಷ್ಟ್ರೀಯ ಗುರಿ. ಕಾರ್ಯಕ್ರಮದ ದೃಷ್ಟಿ ಹೊಸ ರೋಗಿಗಳ ಪತ್ತೆಯ ಮೇಲೆ ನೆಟ್ಟಿರುವುದು ಸಹಜ. ಜನವರಿ 30ರಂದು ಗಾಂಧೀಜಿಯ ಹೆಸರಿನಲ್ಲಿ ನಡೆಯುವ ಸ್ಪರ್ಶ್ ಅಭಿಯಾನ, ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಸ್ಪರ್ಶವಿಲ್ಲದ ಮಚ್ಚೆ ಹುಡುಕುವುದು, ಎಲ್ಲವೂ ಆ ದಿಕ್ಕಿನವು. ಸಿಕ್ಕಿದ ರೋಗಿಗೆ ಆರು ಅಥವಾ ಹನ್ನೆರಡು ತಿಂಗಳ ಚಿಕಿತ್ಸೆ. ಮುಗಿದ ದಿನ ರಿಜಿಸ್ಟರಿನಲ್ಲಿ ಆರ್‌ಎಫ್‌ಟಿ, ಅಂದರೆ ಚಿಕಿತ್ಸೆಯಿಂದ ಬಿಡುಗಡೆ. ಹೆಸರು ಚಾಲ್ತಿ ಪಟ್ಟಿಯಿಂದ ಹೊರಗೆ. ಮೂತ್ರಪಿಂಡದ ಕತೆ ಎಷ್ಟೋ ಬಾರಿ ತೊಡಗುವುದೇ ಆ ದಿನದ ನಂತರ.

ಕರ್ನಾಟಕದಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಬಿಹಾರ, ಛತ್ತೀಸ್‌ಗಢ, ಮಹಾರಾಷ್ಟ್ರಗಳಷ್ಟು ಹೊಸ ರೋಗಿಗಳು ನಮ್ಮಲ್ಲಿಲ್ಲ. ಬೆಂಗಳೂರಿನ ಮಾಗಡಿ ರಸ್ತೆಯ ಕುಷ್ಠರೋಗ ಆಸ್ಪತ್ರೆ, ಸುಮನಹಳ್ಳಿ, ಬೆಳಗಾವಿ ಬಳಿಯ ಹಿಂಡಲಗಾ, ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಕಟ್ಟಿದ ಆಶ್ರಯ, ಈ ಹೆಸರುಗಳು ಹಳಬರ ನೆನಪಿನಲ್ಲಿವೆ. ಇಂದಿನ ಯುವ ವೈದ್ಯರು ಓದು ಮುಗಿಸುವುದರೊಳಗೆ ನೋಡುವ ಕುಷ್ಠರೋಗಿಗಳು ಬೆರಳೆಣಿಕೆಯಷ್ಟು. ಕಿಡ್ನಿ ತಜ್ಞರ ಮುಂದೆ ಬಂದು ಕೂತವರ ಬಾಗಿದ ಬೆರಳು, ಉದುರಿದ ಹುಬ್ಬು ಏನನ್ನು ಹೇಳುತ್ತಿವೆ ಎಂದು ಓದುವ ಕಣ್ಣು ಕಡಿಮೆಯಾಗಿದೆ. ರೋಗಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಮಗಳ ಸಂಬಂಧ ತಪ್ಪೀತು, ಬಾಡಿಗೆ ಮನೆ ಬಿಡಿಸಿಯಾರು ಎಂಬ ಭಯ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿಸಿದ್ದ ಕಾನೂನಿನ ಸಾಲುಗಳನ್ನು ಸಂಸತ್ತು ಅಳಿಸಿದ್ದೇ 2019ರಲ್ಲಿ. ಕಾನೂನು ಬದಲಾದಷ್ಟು ಬೇಗ ಊರಿನ ಬಾಯಿ ಬದಲಾಗುವುದಿಲ್ಲ.

ಕಿಡ್ನಿ ಪೂರ್ತಿ ಕೆಟ್ಟ ಮೇಲೆ ದಾರಿಗಳು ಕಿರಿದಾಗುತ್ತವೆ. ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಬಾರಿ ಹೋಗಬೇಕು, ಕೈಯಲ್ಲಿ ರಕ್ತನಾಳ ಜೋಡಿಸಬೇಕು. ಸ್ಪರ್ಶವಿಲ್ಲದ ಕೈಯಲ್ಲಿ ಸೋಂಕಾದರೂ, ರಕ್ತ ಹರಿವು ಕಡಿಮೆಯಾದರೂ ನೋವಾಗಿ ಎಚ್ಚರಿಸುವುದಿಲ್ಲ. ಕಸಿ ಮಾಡಿಸಿಕೊಳ್ಳಬಹುದು, ಕುಷ್ಠ ಇತ್ತೆಂಬುದೇ ಅದಕ್ಕೆ ಅಡ್ಡಿಯಲ್ಲ. ಆದರೆ ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಕಸಿಯಾದವರು ನುಂಗುವ ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್‌ಗಳ ಮಟ್ಟವನ್ನು ರಿಫಾಂಪಿಸಿನ್ ಇಳಿಸಿಬಿಡುತ್ತದೆ, ಎರಡೂ ಬೇಕಾದವರ ಚಿಕಿತ್ಸೆ ಕತ್ತಿಯ ಮೇಲಿನ ನಡಿಗೆ.

ಅಲ್ಲಿಯವರೆಗೆ ಹೋಗಬೇಕಾಗಿಲ್ಲ ಎಂಬುದೇ ಇದರಲ್ಲಿನ ಭರವಸೆ. ಹುಣ್ಣು ವಾಸಿಯಾಗಿ, ಉರಿಯೂತ ಇಳಿದು, ಆ ಪ್ರೊಟೀನ್ ರಕ್ತದಲ್ಲಿ ಕೆಳಮಟ್ಟದಲ್ಲೇ ಉಳಿದರೆ ಅಮೈಲಾಯ್ಡ್ ಮುಂದುವರಿಯುವುದು ನಿಲ್ಲುತ್ತದೆ, ಕೆಲವರಲ್ಲಿ ಮೆತ್ತಿಕೊಂಡದ್ದೂ ನಿಧಾನವಾಗಿ ಕರಗುತ್ತದೆ. ಅಂದರೆ ಕಾಲಿನ ಆರೈಕೆಯೇ ಕಿಡ್ನಿಯ ಆರೈಕೆ. ಬಕೆಟ್ಟಿನ ತಣ್ಣೀರಲ್ಲಿ ಇಪ್ಪತ್ತು ನಿಮಿಷ ಕಾಲು ನೆನೆಹಾಕುವುದು, ಹುಣ್ಣಿನ ಸುತ್ತಲ ಗಡಸು ಚರ್ಮವನ್ನು ಒರಟು ಕಲ್ಲಿಗೆ ಮೆಲ್ಲಗೆ ಉಜ್ಜುವುದು, ಒದ್ದೆ ಆರುವ ಮುಂಚೆ ಕೊಬ್ಬರಿ ಎಣ್ಣೆ ಸವರುವುದು, ಮೆತ್ತನೆಯ ಎಂಸಿಆರ್ (ಮೈಕ್ರೊಸೆಲ್ಯುಲರ್ ರಬ್ಬರ್) ಚಪ್ಪಲಿ ಹಾಕದೆ ಹೊಸಿಲು ದಾಟದಿರುವುದು. ಕುಷ್ಠ ಕಾರ್ಯಕರ್ತರು ದಶಕಗಳಿಂದ ಕಲಿಸುತ್ತಾ ಬಂದದ್ದು ಇಷ್ಟೇ. ಇದು ಬರೀ ಕಾಲು ಉಳಿಸುವ ಮಾತು ಎಂದುಕೊಂಡಿದ್ದೆವು.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಚಿಕಿತ್ಸೆ ಆರಂಭಿಸುವಾಗ ಒಂದು ಮೂತ್ರ ಪರೀಕ್ಷೆ ಮತ್ತು ಬಿಪಿ, ರಿಯಾಕ್ಷನ್ ಬಂದಾಗಲೆಲ್ಲ ಒಂದು, ಬಿಡುಗಡೆಯ ದಿನ ಒಂದು. ಪದೇ ಪದೇ ರಿಯಾಕ್ಷನ್ ಬಂದವರಿಗೆ, ಹಳೇ ಹುಣ್ಣಿರುವವರಿಗೆ ಬಿಡುಗಡೆಯ ನಂತರವೂ ವರ್ಷಕ್ಕೊಮ್ಮೆಯಾದರೂ. ಎರಡು ಬಾರಿ ಪ್ರೊಟೀನ್ ಕಂಡರೆ ಜಿಲ್ಲಾಸ್ಪತ್ರೆಗೆ ಕಳಿಸುವುದು. ಮತ್ತು ಇದನ್ನು ಬರೆದಿಡಲು ಕಾರ್ಡಿನಲ್ಲಿ ಒಂದು ಕಾಲಂ. ಓದುತ್ತಿರುವವರ ಮನೆಯಲ್ಲಿ, ನೆರೆಯಲ್ಲಿ ಕುಷ್ಠಕ್ಕೆ ಔಷಧಿ ಪಡೆದವರಿದ್ದರೆ ಮೂತ್ರ ನೊರೆನೊರೆಯಾಗಿ ಹೋಗುತ್ತಿದೆಯೇ, ಬೆಳಗ್ಗೆ ಕಣ್ಣಿನ ಸುತ್ತ ಊತವಿದೆಯೇ, ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತದೆಯೇ ಎಂದು ಕೇಳಿ. ವೈದ್ಯರ ಮುಂದೆ ಹಳೇ ಕಾಯಿಲೆಯ ಹೆಸರು ಮುಚ್ಚಿಡಬೇಡಿ ಎಂದು ಧೈರ್ಯ ಹೇಳಿ, ಸಾಧ್ಯವಾದರೆ ಜೊತೆಗೆ ಹೋಗಿ.

ಆ ರೈತರು ಈಗ ಹುಣ್ಣಿಗೆ ಕ್ರಮವಾಗಿ ಡ್ರೆಸ್ಸಿಂಗ್ ಮಾಡಿಸಿಕೊಳ್ಳುತ್ತಿದ್ದಾರೆ, ನೋವಿನ ಮಾತ್ರೆ ಬಿಟ್ಟಿದ್ದಾರೆ, ಮೂರು ತಿಂಗಳಿಗೊಮ್ಮೆ ಮೂತ್ರ ತೋರಿಸುತ್ತಾರೆ. ಇಪ್ಪತ್ತು ವರ್ಷದ ಹಿಂದಿನ ಆ ಕಾರ್ಡು ಪ್ಲಾಸ್ಟಿಕ್ ಕವರಿನೊಳಗೆ ಇನ್ನೂ ಅವರ ಜೇಬಿನಲ್ಲಿದೆ. ಮುಂಭಾಗದಲ್ಲಿ ಕಣ್ಣು, ಕೈ, ಕಾಲಿನ ಅಂಕಗಳು, ಕೊನೆಯಲ್ಲಿ 'ಗುಣಮುಖ' ಎಂಬ ಮೊಹರು. ಕಿಡ್ನಿಯದನ್ನು ಬರೆಯಲು ಜಾಗವಿಲ್ಲದ್ದರಿಂದ ನರ್ಸಮ್ಮ ಅದನ್ನು ತಿರುಗಿಸಿ, ಖಾಲಿ ಬೆನ್ನಿನ ಮೇಲೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದು, ನೀಲಿ ಪೆನ್ನಿನಲ್ಲಿ ತಾರೀಖು ಮತ್ತು ಪ್ರೊಟೀನ್ ಎಷ್ಟೆಂಬ ಪ್ಲಸ್ ಗುರುತು ಹಾಕುತ್ತಾ ಬಂದಿದ್ದಾರೆ. ಮೊದಲ ಸಾಲಿನಲ್ಲಿ ಮೂರು ಪ್ಲಸ್ ಇದ್ದವು. ಕಳೆದ ಸಲ ಎರಡು.